ಗೂಡಿಗೂ ಮಗ್ಗಕ್ಕೂ ನಡುವಿನ ಪಾಠ

ರೇಷ್ಮೆ ಗೂಡಿನ ನೂಲು ಬಿಚ್ಚುವ ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ಯಾರಾದರೂ ‘ಇಪ್ಪತ್ತು–ಇಪ್ಪತ್ತೆರಡು’ ಅಂದರೆ ಅದೆಷ್ಟು ಸಣ್ಣ ನೂಲು ಎಂಬುದು ಅಲ್ಲಿನವರ ಕೈಗೇ ಗೊತ್ತು. ಗೂಡು ಬಿಚ್ಚುವ ಬಿಸಿನೀರಿನ ಬೇಸಿನ್ ಮುಂದೆ ಕೂತ ಹೆಂಗಸರಿಗೂ, ನೂಲು ಕೊಳ್ಳಲು ಬಂದ ವ್ಯಾಪಾರಿಗೂ, ದೊಡ್ಡಬಳ್ಳಾಪುರದ ಮಗ್ಗದವರಿಗೂ ಅದು ದಿನಬಳಕೆಯ ಮಾತು. ಇದೇ ಅಂಕಿ ವಸ್ತ್ರ ವಿಜ್ಞಾನದ ಸ್ನಾತಕೋತ್ತರ ತರಗತಿಯ ಮೊದಮೊದಲ ಪಾಠಗಳಲ್ಲೇ ಹಲಗೆಯ ಮೇಲೆ ಕಾಣಿಸಿಕೊಳ್ಳುತ್ತದೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. 20–22 ಎಂದರೆ ಸರಾಸರಿ 21 ಡೆನಿಯರ್. ಒಂಬತ್ತು ಕಿಲೋಮೀಟರ್ ಎಳೆಗೆ ಬರೀ 21 ಗ್ರಾಂ ತೂಕ. ಲೆಕ್ಕ ಮುಂದುವರಿಸಿದರೆ ಒಂದು ಕಿಲೋ ಕಚ್ಚಾ ರೇಷ್ಮೆಯಲ್ಲಿ ಸುಮಾರು 428 ಕಿಲೋಮೀಟರ್ ನೂಲಿರುತ್ತದೆ, ಬೆಂಗಳೂರಿನಿಂದ ಧಾರವಾಡದವರೆಗೆ ಹಾಸಬಹುದಾದಷ್ಟು. ಘಟಕದಲ್ಲಿ ಕೂಲಿ ಮಾಡುವವರು ಈ ಲೆಕ್ಕವನ್ನು ಯಾವತ್ತೂ ಬರೆದಿಲ್ಲ. ಲೆಕ್ಕ ಬರೆಯುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಬೇಸಿನ್ನಿಗೆ ಕೈ ಹಾಕಿಲ್ಲ. ಈ ಎರಡು ತಿಳಿವಳಿಕೆಗಳ ನಡುವೆ ಉಳಿದಿರುವ ಅಂತರ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ನಷ್ಟ ತಂದಿದೆ ಎಂದು ನಾನು ನಂಬಿದ್ದೇನೆ.

ಮಂಚೇನಹಳ್ಳಿಯನ್ನು ನಡುವೆ ಇಟ್ಟುಕೊಂಡು ನೋಡಿ. ಮೊದಲು ಗೌರಿಬಿದನೂರಿಗೆ ಸೇರಿದ್ದು ಈಚೆಗೆ ತಾಲ್ಲೂಕು ಕೇಂದ್ರವಾದ ಈ ಊರು ಚಿಕ್ಕಬಳ್ಳಾಪುರ–ಗೌರಿಬಿದನೂರು ರಸ್ತೆಯಲ್ಲಿದೆ. ಪೂರ್ವಕ್ಕೆ ಹೊರಟರೆ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟ, ಚಿಂತಾಮಣಿ: ಹಿಪ್ಪುನೇರಳೆ ತೋಟ, ಹುಳು ಮನೆ, ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು, ಅದರ ಸುತ್ತ ನೂಲು ಬಿಚ್ಚುವ ಘಟಕಗಳು. ಗೌರಿಬಿದನೂರಿನ ಕಡೆ ಹೊರಟು ದಕ್ಷಿಣಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು, ಸಿದ್ಧ ಉಡುಪಿನ ಕಾರ್ಖಾನೆಗಳು. ಇನ್ನೂ ಮುಂದೆ ಬೆಂಗಳೂರಿನಲ್ಲಿ 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿ, ಅದರ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ, 1938ರಿಂದ ವಸ್ತ್ರ ತಂತ್ರಜ್ಞಾನ ಕಲಿಸುತ್ತಿರುವ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ. ಎಲೆಯಿಂದ ಅಂಗಿಯವರೆಗಿನ ಇಡೀ ದಾರಿ ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಹಿಂತಿರುಗುವಷ್ಟು ಹತ್ತಿರದಲ್ಲಿದೆ. ದೇಶದಲ್ಲಿ ಇಂಥ ಜಾಗ ಹೆಚ್ಚಿಲ್ಲ.

ಸ್ನಾತಕೋತ್ತರ ಮಟ್ಟದಲ್ಲಿ ‘ವಸ್ತ್ರ ತಯಾರಿಕೆಯ ಮೂಲಪಾಠ’ ಎಂಬ ವಿಷಯ ಕಂಡಾಗ ಎಷ್ಟೋ ಪೋಷಕರಿಗೆ, ವಿದ್ಯಾರ್ಥಿಗಳಿಗೂ ಒಂದು ಅಸಮಾಧಾನ. ಡಿಗ್ರಿ ಮುಗಿಸಿ ಬಂದವರಿಗೆ ಮತ್ತೆ ಹತ್ತಿ, ನೂಲು, ನೇಯ್ಗೆ ಅಂತ ಅ ಆ ಇ ಈ ಯಾಕೆ? ಕಾರಣ ಸರಳವಾಗಿದೆ. ಈ ಕೋರ್ಸುಗಳಿಗೆ ಬರುವವರು ಒಂದೇ ಬಾಗಿಲಿನಿಂದ ಬರುವುದಿಲ್ಲ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಓದಿದವರು ರೇಷ್ಮೆ ವಿಜ್ಞಾನಕ್ಕೆ ಬರುತ್ತಾರೆ. ರಸಾಯನಶಾಸ್ತ್ರದವರು ಬಣ್ಣಗಾರಿಕೆಗೆ, ಗೃಹ ವಿಜ್ಞಾನದವರು ಉಡುಪು ವಿನ್ಯಾಸಕ್ಕೆ, ಮೆಕ್ಯಾನಿಕಲ್ ಓದಿದವರು ಮಗ್ಗದ ಯಂತ್ರಕ್ಕೆ ಬರುತ್ತಾರೆ. ಒಬ್ಬೊಬ್ಬರಿಗೆ ಸರಪಳಿಯ ಒಂದೊಂದು ಕೊಂಡಿ ಗೊತ್ತು. ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ ವಸ್ತ್ರ ಎಂಜಿನಿಯರಿಂಗ್ ಮತ್ತು ನಾರು ವಿಜ್ಞಾನಕ್ಕೇ ಪ್ರತ್ಯೇಕ ಪತ್ರಿಕೆಯಿದೆ. ಅಲ್ಲೂ ಕೇಳುವುದು ನಾರಿನ ಗುಣ, ನೂಲು ತಯಾರಿಕೆ, ಬಟ್ಟೆ ತಯಾರಿಕೆ, ಪರೀಕ್ಷಾ ವಿಧಾನ, ರಾಸಾಯನಿಕ ಸಂಸ್ಕರಣೆ ಇವನ್ನೇ. ಮೂಲಪಾಠವನ್ನು ದೊಡ್ಡ ತರಗತಿಯಲ್ಲಿ ಓದುವುದಕ್ಕೆ ಬೇರೆ ಅರ್ಥವೇ ಇದೆ. ಹತ್ತಿ ನಾರು ಎಂದರೇನು ಎಂದು ಕೇಳುವುದು ಡಿಗ್ರಿಯ ಪ್ರಶ್ನೆ. ಅದೇ ನಾರು ಒದ್ದೆಯಾದಾಗ ಯಾಕೆ ಗಟ್ಟಿಯಾಗುತ್ತದೆ, ರೇಷ್ಮೆ ಒದ್ದೆಯಾದಾಗ ಯಾಕೆ ಬಲ ಕಳೆದುಕೊಳ್ಳುತ್ತದೆ, ಇದರಿಂದ ಮಗ್ಗದ ಮೇಲೆ ಏನಾಗುತ್ತದೆ ಎಂದು ಕೇಳುವುದು ಸ್ನಾತಕೋತ್ತರದ ಪ್ರಶ್ನೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ತೊಡಕಿದೆ. ಅವು ಹತ್ತಿಯಿಂದ ಶುರುವಾಗುತ್ತವೆ. ಕೈಗಾರಿಕಾ ಕ್ರಾಂತಿ ಹತ್ತಿ ಗಿರಣಿಗಳಲ್ಲೇ ನಡೆದದ್ದರಿಂದ ಅದು ಸಹಜವೂ ಹೌದು. ಹತ್ತಿಯ ಎಳೆ ಎರಡು ಮೂರು ಸೆಂಟಿಮೀಟರ್ ಉದ್ದ. ಅದನ್ನು ಬಿಡಿಸಿ, ಕಸ ತೆಗೆದು, ಬಾಚಿ, ಒಂದೇ ದಿಕ್ಕಿಗೆ ತಿರುಗಿಸಿ, ಎಳೆದು ಸಣ್ಣ ಮಾಡಿ, ಕೊನೆಗೆ ಹುರಿ ಹಾಕಿ ನೂಲು ಮಾಡಬೇಕು. ಬ್ಲೋರೂಮ್, ಕಾರ್ಡಿಂಗ್, ಡ್ರಾಯಿಂಗ್, ರೋವಿಂಗ್, ರಿಂಗ್ ಫ್ರೇಮ್ ಎಂಬ ಸಾಲು ಸಾಲು ಯಂತ್ರಗಳ ಕೆಲಸವೆಲ್ಲ ಇಷ್ಟೇ: ತುಂಡು ಎಳೆಗಳನ್ನು ಒಂದಕ್ಕೊಂದು ಹಿಡಿಸಿ ಉದ್ದ ಮಾಡುವುದು. ಹುರಿ ಇಲ್ಲದಿದ್ದರೆ ಹತ್ತಿ ನೂಲೇ ಇಲ್ಲ, ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತದೆ. ರೇಷ್ಮೆಯ ಕಥೆ ತಲೆಕೆಳಗು. ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆಯ ಮೇಲೆ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಒಂದೇ ಎಳೆಯನ್ನು ಬಿಡದೆ ಸುತ್ತುತ್ತದೆ. ಮಿಶ್ರತಳಿಯ ಹಳದಿ ಗೂಡಿನಲ್ಲಿ ಏಳೆಂಟು ನೂರು ಮೀಟರ್, ಒಳ್ಳೆಯ ದ್ವಿತಳಿಯ ಬಿಳಿ ಗೂಡಿನಲ್ಲಿ ಸಾವಿರ ಮೀಟರಿಗೂ ಮೇಲೆ. ಇಲ್ಲಿ ನೂಲು ಮಾಡುವುದು ಎಂದರೆ ಹುಳು ಮಾಡಿಟ್ಟದ್ದನ್ನು ಹಾಳು ಮಾಡದೆ ಬಿಚ್ಚುವುದು. ಅದಕ್ಕೇ ನಮ್ಮ ಕಡೆ ಈ ಕೆಲಸ ಮಾಡುವವರು ನೂಲು ಬಿಚ್ಚಾಣಿಕೆದಾರರು, ಅಂದರೆ ರೀಲರು.

ಅಳತೆಯಲ್ಲೂ ಇದೇ ತಲೆಕೆಳಗು. ಹತ್ತಿಯ ಕೌಂಟ್ ಹೆಚ್ಚಾದಷ್ಟೂ ನೂಲು ಸಣ್ಣ: ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿಗಳು ಎಷ್ಟು ಬರುತ್ತವೆ ಎಂಬುದೇ ಕೌಂಟ್. ರೇಷ್ಮೆಯ ಡೆನಿಯರ್ ಹೆಚ್ಚಾದಷ್ಟೂ ನೂಲು ದಪ್ಪ. 5315ನ್ನು ಡೆನಿಯರಿನಿಂದ ಭಾಗಿಸಿದರೆ ಹತ್ತಿಯ ಕೌಂಟ್ ಸಿಗುತ್ತದೆ. ಶಿಡ್ಲಘಟ್ಟದ 21 ಡೆನಿಯರ್ ನೂಲನ್ನು ಹೀಗೆ ಲೆಕ್ಕ ಹಾಕಿದರೆ 253ನೇ ಕೌಂಟ್! ಸೊಗಸಾದ ಹತ್ತಿ ಪಂಚೆಗೆ ನೂರನೇ ಕೌಂಟ್ ಎಂದು ಹೆಮ್ಮೆಪಡುವ ಕಡೆ, ಹೊಗೆ ಹಿಡಿದ ಒಂದು ಸಣ್ಣ ಘಟಕದಲ್ಲಿ ದಿನವೂ ಅದರ ಎರಡೂವರೆ ಪಟ್ಟು ಸಣ್ಣ ನೂಲು ಹೊರಬರುತ್ತಿದೆ. ಎರಡು ಪದ್ಧತಿಗಳನ್ನೂ ಕಲಿತ ವಿದ್ಯಾರ್ಥಿಗೆ ಮಾತ್ರ ಈ ಕೆಲಸದ ದೊಡ್ಡತನ ಕಾಣುತ್ತದೆ.

ಇನ್ನು ಬೇಸಿನ್ನಿನ ಒಳಗೆ ನಡೆಯುವುದನ್ನು ನೋಡೋಣ. ಇದರ ಮೇಲೆ ಇಡೀ ಸೆಮಿಸ್ಟರ್ ಕಳೆದರೂ ಸಾಲದು.

ಗೂಡಿನ ಎಳೆಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತುಗಳಿವೆ. ಅವೆರಡನ್ನೂ ಸೇರಿಸಿ ಹಿಡಿದಿರುವುದು ಸೆರಿಸಿನ್ ಎಂಬ ಅಂಟು. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಈ ಅಂಟೇ. ಗೂಡು ಗಟ್ಟಿಯಾಗಿ ನಿಂತಿರುವುದು ಇದರಿಂದ. ಬಿಸಿನೀರಿನಲ್ಲಿ ಇದು ಮೆತ್ತಗಾದರೆ ಮಾತ್ರ ಎಳೆ ಬಿಡುತ್ತದೆ. ಕಡಿಮೆ ಬೆಂದರೆ ಎಳೆ ಕಿತ್ತು ಬರುತ್ತದೆ. ಹೆಚ್ಚು ಬೆಂದರೆ ಪದರ ಪದರವಾಗಿ ಕಳಚಿ ನೂಲಿನಲ್ಲಿ ಗಂಟು ಸೇರುತ್ತದೆ, ತ್ಯಾಜ್ಯ ಹೆಚ್ಚುತ್ತದೆ. ನೂಲು ಬಿಚ್ಚುವ ಹಳೆಯ ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಕುದಿಯುವಂತಿರುವ ಒಂದೇ ಪಾತ್ರೆಯಲ್ಲಿ. ಕಾಟೇಜ್ ಬೇಸಿನ್ ಬಂದಾಗ ಬೇಯಿಸುವ ಪಾತ್ರೆ ಬೇರೆಯಾಯಿತು, ಬಿಚ್ಚುವ ನೀರು ಕೈ ತಾಳುವಷ್ಟು ಬೆಚ್ಚಗಿನದಾಯಿತು. ಪಠ್ಯಪುಸ್ತಕದಲ್ಲಿ ಇದು ನೂಲಿನ ಗುಣಮಟ್ಟ ಸುಧಾರಿಸಿದ ಬದಲಾವಣೆ ಎಂದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ದಿನವಿಡೀ ಬಿಸಿನೀರಿನಲ್ಲಿ ಬೆರಳಾಡಿಸಿ ಚರ್ಮ ಬಿರಿದ ಕೈಗಳನ್ನು ಕಂಡವರಿಗೆ ಅದು ಅಷ್ಟಕ್ಕೇ ಮುಗಿಯುವ ಮಾತಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತ ಬಾಲಕಾರ್ಮಿಕರ ಕುರಿತು ವರದಿ ಹೊರತಂದಾಗ ಅದರಲ್ಲಿ ಕರ್ನಾಟಕದ ಘಟಕಗಳೂ ಇದ್ದವು. ಅಂಟು ಎಷ್ಟು ಶಾಖಕ್ಕೆ ಮೆತ್ತಗಾಗುತ್ತದೆ ಎಂಬ ರಸಾಯನಶಾಸ್ತ್ರದ ಪ್ರಶ್ನೆಗೂ ಯಾರ ಕೈ ಯಾವ ನೀರಿನಲ್ಲಿ ಇರಬೇಕು ಎಂಬ ಪ್ರಶ್ನೆಗೂ ನೇರ ನಂಟಿದೆ. ಮೊದಲನೆಯದನ್ನು ಕಲಿಸುವ ಪಾಠದಲ್ಲಿ ಎರಡನೆಯದಕ್ಕೂ ಜಾಗ ಇರಲೇಬೇಕು.

ಕಡಿದ ಎಳೆಯ ಜಾಗಕ್ಕೆ ಇನ್ನೊಂದು ಗೂಡಿನ ಎಳೆ ಕೊಡುವ ಕೆಲಸ ಇದಕ್ಕಿಂತ ಸೂಕ್ಷ್ಮ. ಒಂದು ಗೂಡಿನ ಎಳೆ ಎರಡರಿಂದ ಮೂರು ಡೆನಿಯರ್. ಎಂಟು ಗೂಡುಗಳ ಎಳೆ ಕೂಡಿಸಿದರೆ 21ರ ಆಸುಪಾಸು ನೂಲು ಸಿಗುತ್ತದೆ. ಹಾಗಾದರೆ ಸದಾ ಎಂಟು ಗೂಡು ಇರುವಂತೆ ನೋಡಿಕೊಂಡರೆ ಮುಗಿಯಿತಲ್ಲ ಅನಿಸಬಹುದು. ಮುಗಿಯುವುದಿಲ್ಲ. ಒಂದೇ ಗೂಡಿನ ಎಳೆ ಹೊರಭಾಗದಲ್ಲಿ ದಪ್ಪ, ಒಳಕ್ಕೆ ಹೋದಂತೆ ಸಣ್ಣ. ಎಂಟೂ ಗೂಡುಗಳು ಹೊಸವಾದರೆ ನೂಲು ದಪ್ಪವಾಗುತ್ತದೆ. ಎಂಟೂ ಮುಗಿಯುತ್ತ ಬಂದರೆ ಸಣ್ಣದಾಗುತ್ತದೆ. ಆದ್ದರಿಂದ ಬೇಸಿನ್ ಮುಂದಿರುವ ಹೆಣ್ಣುಮಗಳು ಹೊಸ ಗೂಡು, ಅರ್ಧ ಬಿಚ್ಚಿದ ಗೂಡು, ಹುಳು ಕಾಣುವಷ್ಟು ತೆಳುವಾದ ಗೂಡು ಈ ಮೂರನ್ನೂ ಬೆರೆಸಿ ಇಟ್ಟುಕೊಳ್ಳುತ್ತಾಳೆ. ಒಂದು ಕಡಿದ ಕ್ಷಣದಲ್ಲಿ ಇನ್ನೊಂದರ ತುದಿ ಹಿಡಿದು ಎಸೆಯುತ್ತಾಳೆ. ಸರಾಸರಿ 2.6 ಡೆನಿಯರಿನ ಎಂಟು ಎಳೆಗಳ ನೂಲಿನಿಂದ ಒಂದೆಳೆ ತಪ್ಪಿದರೆ 20.8 ಇದ್ದದ್ದು 18.2ಕ್ಕೆ ಇಳಿಯಿತು, ಅವಳು ಗಮನಿಸುವುದು ತಡವಾದಷ್ಟೂ ಆ ಸಣ್ಣ ಭಾಗ ಉದ್ದವಾಗುತ್ತ ಹೋಗುತ್ತದೆ. ಇದನ್ನೇ ಪ್ರಯೋಗಾಲಯದಲ್ಲಿ ಕಪ್ಪು ಹಲಗೆಗೆ ನೂಲು ಸುತ್ತಿ ಬೆಳಕಿನಲ್ಲಿ ನೋಡುತ್ತಾರೆ. ಸೆರಿಪ್ಲೇನ್ ಎಂಬ ಆ ಪರೀಕ್ಷೆಯಲ್ಲಿ ದಪ್ಪ ಸಣ್ಣ ಪಟ್ಟೆಗಳು ಎದ್ದು ಕಾಣುತ್ತವೆ. 2ಎ, 3ಎ, 4ಎ ಎಂದು ನೂಲಿಗೆ ದರ್ಜೆ ಕೊಡುವಾಗ ಈ ಪಟ್ಟೆಗಳೂ ಲೆಕ್ಕಕ್ಕೆ ಬರುತ್ತವೆ. ಸ್ವಯಂಚಾಲಿತ ರೀಲಿಂಗ್ ಯಂತ್ರದಲ್ಲಿ ಸಣ್ಣದೊಂದು ಸಂವೇದಕ ನೂಲಿನ ಗಾತ್ರವನ್ನು ಸದಾ ಅಳೆಯುತ್ತ, ಇಳಿದಾಗ ಹೊಸ ಗೂಡು ಸೇರಿಸಲು ಯಂತ್ರಕ್ಕೆ ಹೇಳುತ್ತದೆ. ಶಿಡ್ಲಘಟ್ಟದ ಹೆಂಗಸರ ಕಣ್ಣು ಬೆರಳು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುವುದು. ಸರಾಸರಿ, ವಿಚಲನೆ, ವಿಚಲನಾಂಕ ಎಂಬ ಸಂಖ್ಯಾಶಾಸ್ತ್ರದ ಒಣ ಅಧ್ಯಾಯವನ್ನು ಇಲ್ಲಿ ನಿಂತು ಓದಿದರೆ ಯಾವ ವಿದ್ಯಾರ್ಥಿಯೂ ಮರೆಯಲಾರ.

ಗೂಡಿನ ಮಾರುಕಟ್ಟೆಗೆ ಬರೋಣ. ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಕೇಳಿಸುವ ಆ ಅಂಗಳದಲ್ಲಿ ಹರಾಜಿಗಿಟ್ಟ ಗೂಡಿನ ಲಾಟಿನ ಮುಂದೆ ನಿಂತ ರೀಲರು ಒಂದು ಹಿಡಿ ಗೂಡು ತೆಗೆದು ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲುಗಿಸುತ್ತಾರೆ. ಅವರ ಮನಸ್ಸಿನಲ್ಲಿರುವ ಅಂಕಿಗೆ ರೆಂಡಿಟ್ಟಾ ಎಂದು ಹೆಸರು: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು? ಮಿಶ್ರತಳಿಗೆ ಏಳೆಂಟು ಕಿಲೋ, ಒಳ್ಳೆಯ ದ್ವಿತಳಿಗೆ ಆರು ಆರೂವರೆ. ಲೆಕ್ಕಕ್ಕೆಂದು ಗೂಡಿನ ಬೆಲೆ ಕಿಲೋಗೆ 500 ರೂಪಾಯಿ ಅಂದುಕೊಂಡರೆ, ರೆಂಡಿಟ್ಟಾ 8 ಇದ್ದಾಗ ಒಂದು ಕಿಲೋ ನೂಲಿಗೆ ಗೂಡಿನ ಖರ್ಚೇ 4000, 6.5 ಇದ್ದಾಗ 3250. ಒಂದೂವರೆಯ ವ್ಯತ್ಯಾಸ ಏಳುನೂರೈವತ್ತು ರೂಪಾಯಿಯಾಗಿ ಕೂರುತ್ತದೆ. ಅಂದಾಜು ತಪ್ಪಿದರೆ ರೀಲರಿಗೆ ಪೆಟ್ಟು. ತಪ್ಪೀತೆಂಬ ಭಯಕ್ಕೆ ಕೂಗನ್ನು ಇಳಿಸಿದರೆ ರೈತನಿಗೆ ಪೆಟ್ಟು. ಹರಾಜು ಈಗ ಮೊಬೈಲ್ ಫೋನಿಗೆ ಬಂದಿದೆ, ತೂಕ ವಿದ್ಯುನ್ಮಾನವಾಗಿದೆ, ಆದರೆ ಗೂಡಿನ ಗುಣವನ್ನು ಅಳೆಯುವುದು ಇವತ್ತಿಗೂ ಕೈಯ ಅಂದಾಜೇ. ಗೂಡಿನ ಪೂರ್ಣ ತೂಕದಲ್ಲಿ ಸಿಪ್ಪೆಯ ಪಾಲು ಎಷ್ಟು ಎಂದು ಅಳೆಯುವುದು ಸ್ನಾತಕೋತ್ತರ ಪ್ರಯೋಗಾಲಯದ ಸುಲಭವಾದ ಅಭ್ಯಾಸಗಳಲ್ಲೊಂದು. ಗೂಡನ್ನು ಕತ್ತರಿಸಬೇಕು, ಹುಳು ತೆಗೆಯಬೇಕು, ಎರಡನ್ನೂ ತೂಗಬೇಕು. ಜಪಾನ್ ತನ್ನ ಉದ್ಯಮ ಉಚ್ಛ್ರಾಯದಲ್ಲಿದ್ದಾಗ ಗೂಡಿನ ಮಾದರಿಯನ್ನು ಪರೀಕ್ಷಿಸಿ ಅದರ ಮೇಲೆ ಬೆಲೆ ಕಟ್ಟುವ ವ್ಯವಸ್ಥೆ ಮಾಡಿಕೊಂಡಿತ್ತು. ನಮ್ಮಲ್ಲಿ ಆ ಪರೀಕ್ಷೆ ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಮಾರ್ಕಿಗಾಗಿ ನಡೆಯುತ್ತದೆ, ರೈತ ನಿಂತಿರುವ ಅಂಗಳಕ್ಕೆ ದಿನನಿತ್ಯದ ರೂಢಿಯಾಗಿ ತಲುಪಿಲ್ಲ.

ನೀರಿನ ಪಾಠವನ್ನು ಬೇರೆ ಊರುಗಳಲ್ಲಿ ಅರ್ಧ ಪುಟದಲ್ಲಿ ಮುಗಿಸಬಹುದು, ನಮ್ಮಲ್ಲಿ ಆಗದು. ನೂಲು ಬಿಚ್ಚುವ ನೀರಿನ ಗಡಸುತನ, ಕ್ಷಾರಗುಣ ಹೆಚ್ಚುಕಡಿಮೆಯಾದರೆ ಅಂಟು ಕರಗುವ ರೀತಿಯೇ ಬದಲಾಗುತ್ತದೆ, ನೂಲಿನ ಬಣ್ಣವೂ ಹೊಳಪೂ ಕೆಡುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿವೆ. ಅಷ್ಟು ಆಳದಿಂದ ಲವಣ ಹೊತ್ತು ಬರುವ ನೀರು ಕುಡಿಯಲು ಹೇಗೋ ಹಾಗೆ ಬೇಸಿನ್ನಿಗೂ ತೊಂದರೆಯದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಈಗ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲದ ಗುಣ ಮುಂದೆ ಹೇಗೆ ಬದಲಾಗುತ್ತದೆ, ಅದು ನೂಲಿನ ದರ್ಜೆಯ ಮೇಲೆ ಏನು ಮಾಡುತ್ತದೆ ಎಂಬುದು ಇಲ್ಲಿನ ಯಾವುದೇ ವಿದ್ಯಾರ್ಥಿಗೆ ಪ್ರಬಂಧಕ್ಕೆ ಸಾಕಾಗುವ ವಿಷಯ. 

ಗಾಳಿಯ ತೇವವೂ ಹಣದ ಲೆಕ್ಕವೇ. ಒಣ ರೇಷ್ಮೆ ಗಾಳಿಯಿಂದ ತೇವ ಹೀರುತ್ತದೆ. ಕೈಗೆ ಒದ್ದೆಯೆನಿಸದೆಯೇ ಸಾಕಷ್ಟು ನೀರನ್ನು ಒಳಗಿಟ್ಟುಕೊಳ್ಳುತ್ತದೆ. ಅದಕ್ಕಾಗಿ ವ್ಯಾಪಾರದಲ್ಲಿ ಒಂದು ಒಪ್ಪಂದ: ಪೂರ್ತಿ ಒಣಗಿಸಿದ ತೂಕಕ್ಕೆ ಶೇ 11 ಸೇರಿಸಿ ಅದನ್ನೇ ನ್ಯಾಯವಾದ ತೂಕ ಎನ್ನುವುದು. ಹತ್ತಿಗೆ ಇದು ಶೇ 8.5, ಪಾಲಿಯೆಸ್ಟರಿಗೆ ಶೇ 0.4. ಒಣಗಿದಾಗ 100 ಕಿಲೋ ಇರುವ ರೇಷ್ಮೆ ಮಳೆಗಾಲದಲ್ಲಿ 114 ಕಿಲೋ ತೂಗಿದರೂ ದುಡ್ಡು ಕೊಡಬೇಕಾದ್ದು 111ಕ್ಕೆ. ಮಾರ್ಚಿನ ಒಣ ಗಾಳಿಯಲ್ಲಿ 108 ತೂಗಿದರೆ ಮಾರುವವನು ಮೂರು ಕಿಲೋ ಕಳೆದುಕೊಳ್ಳಬೇಕಿಲ್ಲ. ನಮ್ಮಂಥ ಬಿಸಿ ದೇಶದಲ್ಲಿ ಪರೀಕ್ಷೆಯ ಕೋಣೆಯನ್ನು 27 ಡಿಗ್ರಿ ಸೆಲ್ಸಿಯಸ್, ಶೇ 65 ಸಾಪೇಕ್ಷ ಆರ್ದ್ರತೆಯಲ್ಲಿ ಇಡಬೇಕೆನ್ನುವುದು ಇದೇ ಕಾರಣಕ್ಕೆ. ತಕ್ಕಡಿ ಸರಿಯಿದ್ದರೂ ತೂಕ ಸುಳ್ಳು ಹೇಳಬಹುದು ಎಂಬುದನ್ನು ಸಣ್ಣ ರೀಲರಿಗೆ ತಿಳಿಸಿಕೊಡಲು ಒಬ್ಬ ಎಂ.ಎಸ್ಸಿ. ಓದಿದವನಿಂದ ಸಾಧ್ಯ.

ಮಗ್ಗದ ಪಾಠ ಇಲ್ಲಿಂದ ಮುಂದಿನದು. ಉದ್ದದ ಎಳೆಗಳಾದ ಹಾಸನ್ನು ಮೇಲೆ ಕೆಳಗೆ ಬಿಡಿಸಿ ಬಾಯಿ ತೆರೆಯುವುದು, ಅದರೊಳಗೆ ಅಡ್ಡ ಎಳೆಯಾದ ಹೊಕ್ಕು ಹಾಯಿಸುವುದು, ಅದನ್ನು ಬಡಿದು ಸೇರಿಸುವುದು ಇವು ಮೂರು ಮುಖ್ಯ ಚಲನೆಗಳು; ನೇಯ್ದದ್ದನ್ನು ಸುತ್ತಿಕೊಳ್ಳುವುದು, ಹಿಂದಿನಿಂದ ಹಾಸು ಬಿಡುವುದು ಇನ್ನೆರಡು. ಕೈಮಗ್ಗಕ್ಕೂ ವಿದ್ಯುತ್ ಮಗ್ಗಕ್ಕೂ ಇವೇ. ವೇಗ ಹೆಚ್ಚಿದಷ್ಟೂ ಹಾಸಿನ ಮೇಲೆ ಎಳೆತ ಹೆಚ್ಚುತ್ತದೆ, ದುರ್ಬಲ ಜಾಗದಲ್ಲಿ ನೂಲು ಕಡಿಯುತ್ತದೆ. ನೇಕಾರರು ಬಹುಕಾಲ ಹಾಸಿಗೆ ಚೀನಾದ ಸಮವಾದ ನೂಲನ್ನೂ ಹೊಕ್ಕಿಗೆ ನಮ್ಮ ಚರಕದ ನೂಲನ್ನೂ ಬಳಸಿದ್ದಕ್ಕೆ ಕಾರಣ ಅದೇ. ಬೇಸಿನ್ ಮುಂದೆ ಒಂದೆಳೆ ತಡವಾಗಿ ಸೇರಿದ್ದು ಹೀಗೆ ಮಗ್ಗದವರೆಗೆ, ಅಲ್ಲಿಂದ ದೇಶದ ಆಮದಿನವರೆಗೆ ತಲುಪುತ್ತದೆ. ಹುರಿಯ ಕೆಲಸ ನೋಡಬೇಕೆಂದರೆ ಮೈಸೂರು ಕ್ರೇಪ್ ಸೀರೆ ಕೈಗೆತ್ತಿಕೊಳ್ಳಬೇಕು. ಅದರ ಹೊಕ್ಕಿನ ನೂಲಿಗೆ ಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ಹುರಿ, ಒಂದು ಎಡಕ್ಕೆ ತಿರುಗಿದ್ದು, ಇನ್ನೊಂದು ಬಲಕ್ಕೆ. ಮಗ್ಗದಿಂದ ಇಳಿಯುವಾಗ ಬಟ್ಟೆ ಬಿರುಸು, ಮಂಕು. ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದಾಗ ಹುರಿಯನ್ನು ಹಿಡಿದಿಟ್ಟಿದ್ದ ಬಿಗಿ ಸಡಿಲಗೊಂಡು ನೂಲು ಎರಡೂ ದಿಕ್ಕಿಗೆ ನುಲಿಯುತ್ತದೆ. ಆ ಸಣ್ಣ ಸುಕ್ಕು, ಮೈಗೆ ಒಗ್ಗುವ ಇಳಿಜಾರು, ಹೊಳಪು ಆಗ ಬರುತ್ತವೆ. ಹುಳುವಿನ ಅಂಟು, ಯಂತ್ರದ ಹುರಿ, ಬಣ್ಣದ ಮನೆಯ ಕುದಿನೀರು ಮೂರೂ ಬೇರೆ ಬೇರೆ ಅಧ್ಯಾಯಗಳು. ಸೀರೆಯಲ್ಲಿ ಅವು ಒಂದೇ.

ಗೌರಿಬಿದನೂರು, ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳಿಗೆ ದಿನವೂ ಹೋಗಿಬರುವ ಹೆಣ್ಣುಮಕ್ಕಳು ನಮ್ಮ ಹಳ್ಳಿಹಳ್ಳಿಗಳಲ್ಲಿದ್ದಾರೆ. ಅಲ್ಲಿ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ) ಎಂಬ ಮಾತು ಎಲ್ಲರ ಬಾಯಲ್ಲಿ. ನೂರು ಚದರ ಸೆಂಟಿಮೀಟರಿನ ದುಂಡು ತುಂಡು ಕತ್ತರಿಸಿ ತೂಗಿ ನೂರರಿಂದ ಗುಣಿಸಿದರೆ ಆಯಿತು. ಒಂದೂವರೆ ಗ್ರಾಂ ಬಂದರೆ ಬಟ್ಟೆ 150 ಜಿಎಸ್‌ಎಂ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಈ ತುಂಡು ಕತ್ತರಿಸಿದ ಹೆಣ್ಣುಮಗಳಿಗೆ ಅದರ ಹಿಂದಿನ ನೂಲಿನ ಕೌಂಟ್, ಅಂಗುಲಕ್ಕೆ ಎಳೆಗಳ ಸಂಖ್ಯೆ, ಒಗೆದ ಮೇಲೆ ಕುಗ್ಗುವ ಲೆಕ್ಕ ಇವನ್ನು ಸಂಜೆ ತರಗತಿಯಲ್ಲಿ ಕಲಿಸಿದರೆ ಅವಳು ಗುಣಮಟ್ಟ ವಿಭಾಗದ ಮೇಲ್ವಿಚಾರಕಿಯಾಗುವುದು ಕಷ್ಟವಲ್ಲ. ಆ ಬಾಗಿಲು ತೆರೆಯುವ ಕೋರ್ಸುಗಳು ಇಲ್ಲಿ ಬೇಕು.

ಮೂಲವಿಜ್ಞಾನ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ರೇಷ್ಮೆಯ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ಫ್ರಾನ್ಸಿನ ಹುಳುಗಳಿಗೆ ಪೆಬ್ರಿನ್ ರೋಗ ಬಂದು ಉದ್ಯಮ ನೆಲಕಚ್ಚಿದಾಗ 1865ರಲ್ಲಿ ಲೂಯಿ ಪಾಶ್ಚರ್ ಅದರ ಹಿಂದೆ ಬಿದ್ದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನೆಲ್ಲ ನಾಶಮಾಡುವ ಕ್ರಮ ಆತನದು. ಹುಳುವಿನ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ಪಾಶ್ಚರನ ಜೊತೆ ಕೆಲಸ ಮಾಡಿದ ಶಾರ್ಡೊನೆ ಎಂಬಾತ ಹುಳುವಿಲ್ಲದೆ ರೇಷ್ಮೆ ಮಾಡುವ ಯೋಚನೆ ಹಿಡಿದು, 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೃತಕ ರೇಷ್ಮೆಯನ್ನು ತೋರಿಸಿದ. ಸಣ್ಣ ರಂಧ್ರದಿಂದ ದ್ರವವನ್ನು ಒತ್ತಿ ಎಳೆ ಮಾಡುವ ಆ ದಾರಿಯಲ್ಲೇ ಮುಂದೆ 1935ರಲ್ಲಿ ನೈಲಾನ್ ಬಂತು, ಆಮೇಲೆ ಪಾಲಿಯೆಸ್ಟರ್. ಇವತ್ತು ಶಿಡ್ಲಘಟ್ಟದ ನೂಲಿಗೆ ಅಗ್ಗದ ಪೈಪೋಟಿ ಕೊಡುತ್ತಿರುವ ಎಳೆ ಹುಟ್ಟಿದ್ದೂ ರೇಷ್ಮೆ ಹುಳುವಿನ ಬಾಯಿಯನ್ನು ಗಮನವಿಟ್ಟು ನೋಡಿದವರಿಂದ.

ಹೀಗಿರುವಾಗ ನಮ್ಮ ಉನ್ನತ ಶಿಕ್ಷಣ ಈ ಸರಪಳಿಯನ್ನು ಮೂರು ತುಂಡು ಮಾಡಿಟ್ಟಿದೆ. ರೇಷ್ಮೆ ವಿಜ್ಞಾನ ಕೃಷಿ ಮತ್ತು ಜೀವವಿಜ್ಞಾನದ ಪಾಲು: ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ವಿಭಾಗಗಳು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ತೊಂಬತ್ತರ ದಶಕದಲ್ಲಿ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ತೆರೆದ ರೇಷ್ಮೆ ಕೃಷಿ ಮಹಾವಿದ್ಯಾಲಯ, ಮೈಸೂರಿನ ಕೇಂದ್ರ ಸಂಶೋಧನಾ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ. ವಸ್ತ್ರ ತಂತ್ರಜ್ಞಾನ ಎಂಜಿನಿಯರಿಂಗಿನ ಪಾಲು: ಬೆಂಗಳೂರು, ದಾವಣಗೆರೆ. ವಸ್ತ್ರ ಮತ್ತು ಉಡುಪು ವಿನ್ಯಾಸ ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಗೃಹ ವಿಜ್ಞಾನದಿಂದ ಬೆಳೆದ ವಿಭಾಗದ ಪಾಲು. ಮೊದಲನೆಯವರ ಗಮನವೆಲ್ಲ ಎಲೆ, ಹುಳು, ಗೂಡಿನ ಮೇಲೆ. ಎರಡನೆಯವರ ಗಮನ ಹತ್ತಿ ಗಿರಣಿಯ ಯಂತ್ರಗಳ ಮೇಲೆ. ಮೂರನೆಯವರು ಬಟ್ಟೆಯಿಂದ ಶುರುಮಾಡುತ್ತಾರೆ. ಶಿಡ್ಲಘಟ್ಟ ಬದುಕಿರುವುದು ಗೂಡು ಮುಗಿದು ನೇಯುವ ನೂಲು ಶುರುವಾಗುವ ನಡುವಿನ ಜಾಗದಲ್ಲಿ. ಅದು ಯಾವ ವಿಭಾಗಕ್ಕೂ ತನ್ನದೆನಿಸಿಲ್ಲ, ಎಲ್ಲರ ಪಠ್ಯದಲ್ಲೂ ಒಂದೆರಡು ಅಧ್ಯಾಯವಾಗಿ ಉಳಿದಿದೆ. ಮೂರೂ ಕಡೆಯಿಂದ ಬಂದವರು ಒಟ್ಟಿಗೆ ಕೂರಬಹುದಾದ ಪಾಠವೆಂದರೆ ಈ ಮೂಲಪಾಠ ಒಂದೇ. ಅದನ್ನು ಮೊದಲ ಸೆಮಿಸ್ಟರಿನ ಒಂದು ಶಾಸ್ತ್ರವಾಗಿ ಮುಗಿಸದೆ, ಪೂರ್ತಿ ಒಂದು ಋತುವಿನ ಕ್ಷೇತ್ರಾಧ್ಯಯನವಾಗಿ ಮಾಡಬೇಕು. ವಿದ್ಯಾರ್ಥಿ ಒಂದು ಬೆಳೆಯ ಹುಳು ಹಣ್ಣಾಗುವುದನ್ನು ನೋಡಲಿ, ಅದೇ ಗೂಡಿನ ಹಿಂದೆ ಮಾರುಕಟ್ಟೆಗೆ ಹೋಗಲಿ, ಅದನ್ನು ಕೊಂಡ ರೀಲರ ಬೇಸಿನ್ನಿನವರೆಗೆ, ಆ ನೂಲು ಹೋದ ಮಗ್ಗದವರೆಗೆ ಹಿಂಬಾಲಿಸಲಿ. ಪ್ರತಿ ಹಂತದಲ್ಲೂ ಅಳೆದು ಬರೆಯಲಿ. ವರದಿಯ ಒಂದು ಪ್ರತಿ ಕನ್ನಡದಲ್ಲಿ ಆ ರೈತನಿಗೂ ರೀಲರಿಗೂ ಸಿಗಲಿ.

ದುಬಾರಿ ಯಂತ್ರಗಳಿಗಾಗಿ ಕಾಯಬೇಕಿಲ್ಲ. ಡೆನಿಯರ್ ಅಳೆಯಲು ಒಂದು ಸುತ್ತಿಗೆ 1.125 ಮೀಟರ್ ಬರುವ ರಾಟೆ, ನಿಖರವಾದ ಒಂದು ತಕ್ಕಡಿ ಸಾಕು. 400 ಸುತ್ತು ಸುತ್ತಿದರೆ 450 ಮೀಟರಿನ ಲಡಿ. ಅದರ ತೂಕವನ್ನು ಗ್ರಾಮಿನಲ್ಲಿ ತೆಗೆದುಕೊಂಡು 20ರಿಂದ ಗುಣಿಸಿದರೆ ಡೆನಿಯರ್. ಇಂಥ ಹತ್ತಿಪ್ಪತ್ತು ಲಡಿ ತೂಗಿದರೆ ನೂಲು ಎಷ್ಟು ಸಮವಾಗಿದೆ ಎಂಬುದೂ ಗೊತ್ತಾಗುತ್ತದೆ. ಕುರುಬೂರಿನ ಮಹಾವಿದ್ಯಾಲಯದಿಂದಲೋ ಬೆಂಗಳೂರಿನ ವಿಭಾಗಗಳಿಂದಲೋ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ವಾರಕ್ಕೆ ಒಂದು ದಿನ ಶಿಡ್ಲಘಟ್ಟದ ಮಾರುಕಟ್ಟೆಯ ಪಕ್ಕ ಒಂದು ಮೇಜು ಹಾಕಿಕೊಂಡು ಕೂತು, ತಂದವರ ನೂಲನ್ನು ಅಳೆದುಕೊಡಲಿ, ಲಾಟಿನ ಗೂಡಿನಲ್ಲಿ ಸಿಪ್ಪೆಯ ಪಾಲು ತೂಗಿ ಹೇಳಲಿ, ನೀರಿನ ಗಡಸುತನ ಪರೀಕ್ಷಿಸಿ ಚೀಟಿ ಕೊಡಲಿ. ಆ ದಿನದ ಹಾಜರಿಯನ್ನು ತರಗತಿಯ ಹಾಜರಿ ಎಂದೇ ವಿಶ್ವವಿದ್ಯಾಲಯ ಪರಿಗಣಿಸಲಿ.